ಹದಿನೈದರ ಟಿನ್ನು

ಮುಂಗಾರಿಗೂ ಮುಂಚೆ ಬೀಳುವ ಮಳೆಗೆ ಬಿತ್ತಿದ ಸೂರ್ಯಕಾಂತಿ ಆಷಾಢದ ಹೊತ್ತಿಗೆ ಹೂಬಿಟ್ಟಿತೆಂದರೆ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಕೇರಳದ ಕಾರುಗಳು ಹೊಲದ ಬದಿಗೆ ಸಾಲುಗಟ್ಟುತ್ತವೆ. ಹೊಸ ಜೋಡಿಗಳು ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತವೆ. ಗಿಡ ಮುರಿದುಹೋಗುವುದನ್ನು ನೋಡಿ ನೋಡಿ ಸಾಕಾದ ಕೆಲವು ರೈತರು ತಲೆಗಿಷ್ಟು ಎಂದು ಕಾಸು ಇಸ್ಕೊಂಡೇ ಒಳಗೆ ಬಿಡುತ್ತಾರೆ. ಅಂಥದೇ ಒಂದು ಹೂವಿನ ದಿನ ಉಡಿಗಾಲದ ಮನೆಯೊಂದರ ಹಿತ್ತಲಿಗೆ ಹೋಗಿದ್ದೆ. ತಗಡಿನ ಶೆಡ್ಡಿನೊಳಗೆ ಐದಾರು ಹೆಣ್ಣುಮಕ್ಕಳು ಚಕ್ಕುಲಿ ಒತ್ತುತ್ತಿದ್ದರು. ಗೋಡೆ ಬದಿಗೆ ಪೇರಿಸಿಟ್ಟ ಎಣ್ಣೆ ಟಿನ್ನುಗಳ ಮೇಲೆ ತಾಳೆ ಮರದ ಚಿತ್ರವಿತ್ತು.

"ಹೂವ ನಮ್ಮ ಹೊಲ್ದಲ್ಲೇ ಅದ. ಎಣ್ಣ ಮಾತ್ರ ದುಡ್ ಕೊಟ್ಟು ಪ್ಯಾಟಿಂದ ತರ್ಬೇಕು ನೋಡಿ ಸಾ" ಎಂದು ಅವರಲ್ಲಿ ಹಿರಿಯಾಕೆ ನಕ್ಕರು. ಅಸಲು ಪ್ರಶ್ನೆ ಬಂದದ್ದು ಆಮೇಲೆ. "ಪಾಮಾಯಿಲ್ ಕೆಟ್ಟದು ಅಂತಾರ, ಸನ್‌ಫ್ಲವರ್ ಒಳ್ಳೇದು ಅಂತಾರ. ಅಂಗಡಿಗ ಕೊಡೋ ಚಕ್ಕುಲಿಗ ನಾವು ಯಾವ್ದ ತರ್ಬೇಕು?"

ಮನೆಯ ಅಡುಗೆಗಾದರೆ ಡಾಕ್ಟರನ್ನು ಕೇಳಿ ಎಂದು ಹೇಳಿ ಪಾರಾಗಬಹುದಿತ್ತು. ಮಾರುವ ತಿಂಡಿಯ ಲೆಕ್ಕ ಬೇರೆ. ಅಲ್ಲಿ ಮೊದಲು ಕೇಳಿಕೊಳ್ಳಬೇಕಾದದ್ದು ನಮ್ಮ ಚಕ್ಕುಲಿ ಕವರಿನೊಳಗೆ ಎಷ್ಟು ದಿನ ಇರಬೇಕು ಎಂದು. ಎಣ್ಣೆಯ ಹೆಸರು ಆಮೇಲಿನ ಮಾತು. ಸಂತೆಗೆ ಒಯ್ದು ಮೂರು ದಿನದಲ್ಲಿ ಖಾಲಿ ಮಾಡುವವರಿಗೂ ಮೈಸೂರಿನ ಅಂಗಡಿಗಳಿಗೆ ಹಾಕಿ ಎರಡು ತಿಂಗಳು ಕಾಯುವವರಿಗೂ ಒಂದೇ ಎಣ್ಣೆ ಹೊಂದುವುದಿಲ್ಲ. ಇನ್ನೊಂದು ಸಂಗತಿಯನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಕರಿದ ತಿಂಡಿಯಲ್ಲಿ ಎಣ್ಣೆ ಅಕ್ಕಿ ಹಿಟ್ಟಿನಷ್ಟೇ ಮುಖ್ಯವಾದ ಪದಾರ್ಥ. ಆಲೂಗೆಡ್ಡೆ ಚಿಪ್ಸಿನ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಎಣ್ಣೆಯೇ. ಚಕ್ಕುಲಿ, ಖಾರದ ಮಿಕ್ಸ್ಚರ್‌ಗಳೂ ಅದಕ್ಕೆ ಬಹಳ ಹಿಂದೆ ಬೀಳುವವಲ್ಲ. ಎಣ್ಣೆ ಕೆಟ್ಟರೆ ತಿಂಡಿ ಕೆಟ್ಟಿತು, ಅಷ್ಟೇ.

ಎಣ್ಣೆ ಕೆಡುವುದು ಎಂದರೇನು? ಗಾಳಿಯ ಆಮ್ಲಜನಕ ಎಣ್ಣೆಯ ಕೊಬ್ಬಿನಾಮ್ಲಗಳನ್ನು ಹಿಡಿದು ಮುರಿಯುತ್ತದೆ, ಹಾಗೆ ಮುರಿದ ಚೂರುಗಳೇ ಕಮಟು ವಾಸನೆ. ಎಲ್ಲ ಕೊಬ್ಬಿನಾಮ್ಲಗಳೂ ಒಂದೇ ವೇಗದಲ್ಲಿ ಮುರಿಯುವುದಿಲ್ಲ. ಸೂರ್ಯಕಾಂತಿ ಎಣ್ಣೆಯಲ್ಲಿ ಹೆಚ್ಚಿರುವ ಲಿನೋಲಿಕ್ ಆಮ್ಲ ಬಲು ಬೇಗ ಗಾಳಿಗೆ ಸೋಲುತ್ತದೆ. ಕಡಲೆಕಾಯಿ ಎಣ್ಣೆಯಲ್ಲಿ ಹೆಚ್ಚಿರುವ ಓಲಿಕ್ ಆಮ್ಲ ಅದಕ್ಕಿಂತ ಗಟ್ಟಿ. ತಾಳೆ ಎಣ್ಣೆಯ ತಿಳಿ ಭಾಗವಾದ ಪಾಮೋಲಿನ್‌ನಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಇರುವ ಪರ್ಯಾಪ್ತ ಕೊಬ್ಬು ಸುಲಭಕ್ಕೆ ಜಗ್ಗುವುದೇ ಇಲ್ಲ. ಡಾಕ್ಟರು ಪಾಮಾಯಿಲಿನಲ್ಲಿ ದೂರುವ ಗುಣ ಯಾವುದೋ ಬಾಣಲೆಯ ಮುಂದೆ ಕೂತವರಿಗೆ ಅನುಕೂಲವಾದದ್ದೂ ಅದೇ. ಜಗತ್ತಿನ ತಿಂಡಿ ಕಾರ್ಖಾನೆಗಳೆಲ್ಲ ತಾಳೆ ಎಣ್ಣೆಗೆ ಜೋತುಬಿದ್ದಿರುವುದಕ್ಕೆ ಅಗ್ಗ ಎಂಬುದು ಅರ್ಧ ಕಾರಣ, ಉಳಿದರ್ಧ ಈ ಬಾಳಿಕೆ. ನಮ್ಮ ಪಕ್ಕದ ನಂಜನಗೂಡಿನ ಕಾರ್ಖಾನೆಯಿಂದಲೂ ಬರುವ ಮ್ಯಾಗಿಯ ಪೊಟ್ಟಣ ತಿರುಗಿಸಿ ನೋಡಿ, ತಾಳೆ ಎಣ್ಣೆಯ ಹೆಸರು ಸಿಗುತ್ತದೆ.

ಹಾಗಾಗಿ ನಾನು ಉಡಿಗಾಲದ ಆ ಹೆಣ್ಣುಮಕ್ಕಳಿಗೆ ಕೊಟ್ಟ ಉತ್ತರ ಅವರಿಗೆ ಅಷ್ಟು ಹಿಡಿಸಲಿಲ್ಲ. ಕಣ್ಣೆದುರು ಅರಳಿ ನಿಂತ ಹೂವಿನ ಎಣ್ಣೆ ಅವರ ಕಸುಬಿಗೆ ಅಷ್ಟಾಗಿ ಒಗ್ಗುವುದಿಲ್ಲ. ಒಂದು ವಾರದಲ್ಲಿ ತಿಂದು ಮುಗಿಸುವ ಮನೆಯ ಹಬ್ಬದ ಚಕ್ಕುಲಿಗೆ ಸೂರ್ಯಕಾಂತಿ ಸರಿ. ಕವರಿನಲ್ಲಿ ಎರಡು ತಿಂಗಳು ಬಾಳಬೇಕಾದ ಚಕ್ಕುಲಿಗೆ ಅದು ಸೋತ ಕುದುರೆ. ಇದಕ್ಕೂ ಒಂದು ಮದ್ದಿದೆ. 1976ರಲ್ಲಿ ಸೋವಿಯತ್ ತಳಿ ವಿಜ್ಞಾನಿ ಸೋಲ್ದಾತೋವ್ ಪೆರ್ವೆನೆಟ್ಸ್ ಎಂಬ ಸೂರ್ಯಕಾಂತಿಯನ್ನು ರೂಪಿಸಿದರು. ಅದರ ಎಣ್ಣೆಯಲ್ಲಿ ಲಿನೋಲಿಕ್ ಕಡಿಮೆ, ಓಲಿಕ್ ಹೆಚ್ಚು. ಅದರ ಪೀಳಿಗೆಯ ತಳಿಗಳನ್ನು ಯುರೋಪು, ಅಮೆರಿಕಗಳಲ್ಲಿ ಕರಿಯುವ ಎಣ್ಣೆಗೆಂದೇ ಬೆಳೆಯುತ್ತಾರೆ. ನಮ್ಮ ಹೊಲಗಳಿಗೆ ಅದು ಬಂದರೆ ಆ ಹಿರಿಯಾಕೆಯ ನಗುವಿಗೆ ಬೇರೆ ಅರ್ಥ ಬರುತ್ತದೆ. ಸದ್ಯಕ್ಕೆ ಬಂದಿಲ್ಲ.

ಪಾಮೋಲಿನ್‌ಗೂ ತನ್ನದೇ ರಗಳೆ ಇದೆ. ಮಾಗಿ ಚಳಿಯಲ್ಲಿ ಟಿನ್ನಿನ ತಳದಲ್ಲಿ ಬೆಳ್ಳಗೆ ಗಟ್ಟಿ ಕೂರುತ್ತದೆ. "ಮೇಣ ಬೆರಸವ್ರ" ಎಂದು ಅಂಗಡಿಯವನ ಜೊತೆ ಜಗಳಕ್ಕೆ ಹೋದವರನ್ನು ಕಂಡಿದ್ದೇನೆ. ಅದು ಮೇಣವಲ್ಲ, ಪರ್ಯಾಪ್ತ ಕೊಬ್ಬು ಚಳಿಗೆ ಹೆಪ್ಪುಗಟ್ಟಿದ್ದು. ಬೆಚ್ಚಗೆ ಮಾಡಿದರೆ ಕರಗುತ್ತದೆ. ಆದರೆ ಅರ್ಧ ಹೆಪ್ಪಾದ ಟಿನ್ನಿನ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡು ತಳದ್ದನ್ನು ನಾಳೆಗೆ ಬಿಟ್ಟರೆ ಇವತ್ತಿನ ಚಕ್ಕುಲಿ ಒಂದು ಥರ, ನಾಳೆಯದು ಇನ್ನೊಂದು ಥರ. ಟಿನ್ನನ್ನು ಪೂರ್ತಿ ಕರಗಿಸಿ, ಕಲಕಿಯೇ ಬಳಸಬೇಕು.

ಗುಂಡ್ಲುಪೇಟೆ ಕಡೆ ಬೆಳೆದು ಗಡಿ ದಾಟುವ ನೇಂದ್ರ ಬಾಳೆಯ ಕಥೆ ಬೇರೆ. ಅದು ಕೇರಳದಲ್ಲಿ ತೆಂಗಿನೆಣ್ಣೆಯಲ್ಲಿ ಬೆಂದು ಉಪ್ಪೇರಿಯಾಗುತ್ತದೆ. ಆ ತಿಂಡಿಯ ಗುರುತೇ ಆ ಎಣ್ಣೆಯ ಘಮ, ಅಲ್ಲಿ ಬದಲಿಗೆ ಜಾಗವಿಲ್ಲ. 2025ರಲ್ಲಿ ಕೇರಳದಲ್ಲಿ ತೆಂಗಿನೆಣ್ಣೆ ಕಿಲೋಗೆ 400 ರೂಪಾಯಿ ದಾಟಿದಾಗ ಚಿಪ್ಸ್ ಮಾಡುವವರು ತತ್ತರಿಸಿದ್ದು ಇದಕ್ಕೇ. ಇಲ್ಲಿ ನೇಂದ್ರ ಚಿಪ್ಸ್ ಶುರು ಮಾಡಬೇಕೆಂದಿರುವವರಿಗೆ ಒಂದು ಎಚ್ಚರಿಕೆ. ಖರ್ಚು ಉಳಿಸಲು ತೆಂಗಿನೆಣ್ಣೆಗೆ ಪಾಮೋಲಿನ್ ಸುರಿಯಬೇಡಿ. ಈ ಎರಡು ಜಾತಿಯ ಎಣ್ಣೆ ಬಿಸಿ ಬಾಣಲೆಯಲ್ಲಿ ಸೇರಿದರೆ ನೊರೆ ಉಕ್ಕುತ್ತದೆ, ಉಕ್ಕಿದ ನೊರೆ ಒಲೆಗೆ ಬಿದ್ದರೆ ಬೆಂಕಿ. ತೆಂಗಿನೆಣ್ಣೆಗೆ ತೇವ ಸೇರಿ ಹಳತಾದರೆ ಸಾಬೂನಿನ ರುಚಿ ಬರುವುದೂ ಉಂಟು.

ಕಡಲೆಕಾಯಿ ಎಣ್ಣೆ ನನ್ನ ಪಕ್ಷಪಾತ, ಮುಚ್ಚಿಡುವುದೇನು. ನಿಪ್ಪಟ್ಟಿಗೆ ಅದರಷ್ಟು ರುಚಿ ಕೊಡುವ ಎಣ್ಣೆ ಇಲ್ಲ. ಒಂದು ಕಾಲಕ್ಕೆ ಚಳ್ಳಕೆರೆ ಎಣ್ಣೆ ನಗರ ಎನಿಸಿಕೊಂಡದ್ದು ಕಡಲೆಕಾಯಿಯಿಂದ. ಆದರೆ ಈಗ ಊರೂರಿಗೂ ಬಂದಿರುವ ಮರದ ಗಾಣದ ಎಣ್ಣೆಯನ್ನು ಇಡೀ ದಿನ ಕರಿಯುವ ಬಾಣಲೆಗೆ ಹಾಕುವುದು ಎಣ್ಣೆಗೂ ಅವಮಾನ, ಜೇಬಿಗೂ ನಷ್ಟ. ಸೋಸದ, ರಿಫೈನ್ ಆಗದ ಎಣ್ಣೆ ಬೇಗ ಹೊಗೆಯಾಡುತ್ತದೆ, ಬೇಗ ಕಪ್ಪಾಗುತ್ತದೆ. ಅದು ಒಗ್ಗರಣೆಗೆ, ಚಟ್ನಿಪುಡಿಗೆ ಸರಿ. ಕರಿಯಲು ಬೇಕಾದದ್ದು ರಿಫೈನ್ ಆದ ಕಡಲೆಕಾಯಿ ಎಣ್ಣೆ. ಡಾಲ್ಡಾ ವಿಷಯ ಬಿಡಿ. 2022ರ ಜನವರಿಯಿಂದ ಎಣ್ಣೆ, ವನಸ್ಪತಿಗಳಲ್ಲಿ ಟ್ರಾನ್ಸ್ ಕೊಬ್ಬು ನೂರಕ್ಕೆ 2ನ್ನು ಮೀರುವಂತಿಲ್ಲ ಎಂಬ ನಿಯಮ ಬಂದಮೇಲೆ ಹಳೆಯ ಡಾಲ್ಡಾ ಹಳೆಯದಾಗಿ ಉಳಿದಿಲ್ಲ. ಆದರೂ ಚಕ್ಕುಲಿಗೆ ಅದರ ಹಂಗು ಬೇಕಿಲ್ಲ.

ಇನ್ನು ಕೊಳ್ಳುವ ಮಾತು. ಉಡಿಗಾಲದ ಶೆಡ್ಡಿನಲ್ಲಿ ಎರಡು ಕಂಪನಿಗಳ ಟಿನ್ನುಗಳಿದ್ದವು. ಎರಡನ್ನೂ ಅವರು "ಹದಿನೈದರ ಟಿನ್ನು" ಎಂದೇ ಕರೆಯುತ್ತಿದ್ದರು. ಒಂದು 60 ರೂಪಾಯಿ ಅಗ್ಗವೆಂದು ಈಚೆಗೆ ಅದನ್ನೇ ತರುತ್ತಿದ್ದರಂತೆ. ತಿರುಗಿಸಿ ಓದಿದೆ. ಒಂದರ ಮೇಲೆ 15 ಕಿಲೋ ಎಂದಿತ್ತು, ಅಗ್ಗದ್ದರ ಮೇಲೆ 15 ಲೀಟರ್. ನೀರಾದರೆ ಎರಡೂ ಒಂದೇ. ಎಣ್ಣೆ ನೀರಿಗಿಂತ ಹಗುರ, ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅಂದರೆ 15 ಲೀಟರಿನ ಟಿನ್ನಿನಲ್ಲಿರುವುದು ಹದಿಮೂರು ಮುಕ್ಕಾಲು ಕಿಲೋಗೂ ಕಡಿಮೆ. ಕೊರತೆ ಒಂದೂಕಾಲು ಕಿಲೋಗಿಂತ ಹೆಚ್ಚು. ಕಿಲೋಗೆ 140 ರೂಪಾಯಿ ಎಂದು ಇಟ್ಟುಕೊಂಡರೂ 60 ರೂಪಾಯಿ ಉಳಿಸಲು ಹೋಗಿ ಟಿನ್ನಿಗೆ 189 ರೂಪಾಯಿಯ ಎಣ್ಣೆ ಬಿಟ್ಟುಬಂದ ಹಾಗಾಯಿತು. ತಿಂಗಳಿಗೆ ಇಪ್ಪತ್ತು ಟಿನ್ನಾದರೆ ಕಳೆದುಕೊಂಡದ್ದು ಎರಡೂವರೆ ಸಾವಿರ. ಶೆಡ್ಡಿನಲ್ಲಿ ಸ್ವಲ್ಪ ಹೊತ್ತು ಚಕ್ಕುಲಿ ಸಿಡಿಯುವ ಸದ್ದು ಮಾತ್ರ ಕೇಳಿಸಿತು.

ಇದರಲ್ಲಿ ಮೋಸವೇನೂ ಇಲ್ಲ, ಟಿನ್ನಿನ ಮೇಲೆ ಬರೆದೇ ಇದೆ. ಲೀಟರಿನ ಜೊತೆಗೆ ತೂಕವನ್ನೂ ನಮೂದಿಸಬೇಕು, ಬಿಸಿಯಾದಾಗ ಹಿಗ್ಗಿದ ಅಳತೆ ತೋರಿಸಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಎಣ್ಣೆ ಕಂಪನಿಗಳಿಗೆ ಸೂಚಿಸಿತ್ತು. ಓದುವವರು ಬೇಕು. ಸಗಟು ಪೇಟೆಯಲ್ಲಿ ಎಣ್ಣೆಯ ಮಾತೆಲ್ಲ ತೂಕದಲ್ಲೇ ನಡೆಯುತ್ತದೆ. ನೀವೂ ಯಾವ ಟಿನ್ನನ್ನೇ ಆಗಲಿ ಕಿಲೋಗೆ ಎಷ್ಟು ಬಿತ್ತು ಎಂದು ಭಾಗಿಸಿಯೇ ಹೋಲಿಸಿ. ಒಂದು ಪುಟ್ಟ ತಕ್ಕಡಿ ಇದ್ದರೆ ಖಾಲಿ ಟಿನ್ನಿನ ತೂಕ ಕಳೆದು ನೋಡಿ.

ಟಿನ್ನೇ ಯಾಕೆ, ಡ್ರಮ್ಮು ತಂದರೆ ಅಗ್ಗವಲ್ಲವೇ? ಅಗ್ಗವೇ. ದಿನಕ್ಕೆ ಮೂವತ್ತು ನಲವತ್ತು ಕಿಲೋ ಎಣ್ಣೆ ಖರ್ಚು ಮಾಡುವವರಿಗೆ 200 ಲೀಟರಿನ ಡ್ರಮ್ಮು ಸರಿ. ದಿನಕ್ಕೆ ಹತ್ತು ಕಿಲೋ ಸಾಕಾಗುವವರು ಡ್ರಮ್ಮು ತೆರೆದರೆ ಅದು ಹದಿನೆಂಟು ದಿನ ಬಾಯಿ ಬಿಟ್ಟುಕೊಂಡು ಗಾಳಿ ಕುಡಿಯುತ್ತಾ ಕೂರುತ್ತದೆ. ದೊಡ್ಡ ಕಾರ್ಖಾನೆಗಳು ಇಪ್ಪತ್ತು ಟನ್ನಿನ ಟ್ಯಾಂಕರು ಇಳಿಸಿಕೊಂಡು, ಟ್ಯಾಂಕಿನೊಳಗೆ ಎಣ್ಣೆಯ ಮೇಲೆ ಸಾರಜನಕ ತುಂಬಿ ಗಾಳಿಯನ್ನು ದೂರವಿಡುತ್ತವೆ. ನಮ್ಮ ಶೆಡ್ಡಿಗೆ ಸೀಲು ಮಾಡಿದ ಟಿನ್ನೇ ಸಾರಜನಕದ ಟ್ಯಾಂಕು. ಬೇಕಾದಷ್ಟನ್ನೇ ತೆರೆಯಬಹುದು. ಅಕ್ಕಪಕ್ಕದಲ್ಲಿ ಹೀಗೆ ತಿಂಡಿ ಮಾಡುವ ಮೂರ್ನಾಲ್ಕು ಗುಂಪಿನವರು ಸೇರಿ ಚಾಮರಾಜನಗರದ ಅಥವಾ ಮೈಸೂರಿನ ಸಗಟು ವಿತರಕರಿಂದ ಒಂದೇ ಸಲಕ್ಕೆ ಐವತ್ತು ಅರವತ್ತು ಟಿನ್ನು ತರಿಸಿ ಹಂಚಿಕೊಂಡರೆ ಡ್ರಮ್ಮಿನ ಅಗ್ಗವೂ ಸಿಗುತ್ತದೆ, ಟಿನ್ನಿನ ಕಾವಲೂ ಉಳಿಯುತ್ತದೆ. ತಗಡಿನ ಶೆಡ್ಡಿನ ಬಿಸಿಲು ಬೀಳುವ ಗೋಡೆಗೆ ಮಾತ್ರ ಒರಗಿಸಬೇಡಿ.

ಬಿಡಿ ಎಣ್ಣೆ ಬೇಡವೇ ಬೇಡ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಹಳದಿ ದತ್ತೂರಿಯ ಎಣ್ಣೆ ಬೆರೆತು, ಮೈ ಊದಿ, ಹಲವಾರು ಜನ ಸತ್ತರು. ಅದೇ ವರ್ಷ ಖಾದ್ಯ ತೈಲವನ್ನು ಪ್ಯಾಕ್ ಮಾಡಿಯೇ ಮಾರಬೇಕೆಂಬ ಆದೇಶ ಹೊರಬಿತ್ತು. ಒಮ್ಮೆ ಬಳಸಿದ ಟಿನ್ನಿಗೆ ಮತ್ತೆ ಎಣ್ಣೆ ತುಂಬಿ ಮಾರುವುದಕ್ಕೂ ಕಾನೂನಿನ ನಿಷೇಧವಿದೆ. ಮುಚ್ಚಳ ಬೆಸುಗೆ ಹಾಕಿದಂತೆ ಕಂಡರೆ, ಬದಿ ಜಜ್ಜಿ ಹಳೆಯ ಲೇಬಲ್ಲಿನ ಗೋಂದು ಉಳಿದಿದ್ದರೆ ಹಿಂದಕ್ಕೆ ಕಳಿಸಿ. ನಾನೇ ಒಂದು ಸಲ ಮನೆಯ ಮದುವೆಗೆಂದು ಪರಿಚಯದ ಅಂಗಡಿಯಿಂದ ಬಿಲ್ಲಿಲ್ಲದೆ ಎಂಟು ಟಿನ್ನು ಎಣ್ಣೆ ತಂದಿದ್ದೆ. ಎರಡರಲ್ಲಿ ಲಾಡಿನ ಬೂಂದಿ ಕರಿಯುವ ಹೊತ್ತಿಗೇ ಕಮಟು ಎದ್ದಿತು. ವಾಪಸು ಕೊಡಲು ಹೋದರೆ "ಇದು ನಮ್ಮಲ್ಲಿ ತಂದದ್ದೇ ಅಂತ ಏನು ಗ್ಯಾರಂಟಿ?" ಎಂದರು. ಅವರ ಪ್ರಶ್ನೆ ನ್ಯಾಯವೇ ಆಗಿತ್ತು.

ಬಿಲ್ಲಿನ ಮೇಲೆ ಬ್ಯಾಚ್ ನಂಬರ್, ತಯಾರಿಸಿದ ತಿಂಗಳು, ಟಿನ್ನಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ ಇಷ್ಟನ್ನು ಪ್ರತಿ ಸಲ ಒಂದು ಪುಸ್ತಕದಲ್ಲಿ ಬರೆದಿಡಿ. ಹೆಚ್ಚು ಮಾಲು ಕೊಳ್ಳುವವರು ಆ ಬ್ಯಾಚಿನ ಪರೀಕ್ಷಾ ವರದಿ ಕೇಳಿದರೆ ಒಳ್ಳೆಯ ಕಂಪನಿ ಇಲ್ಲವೆನ್ನುವುದಿಲ್ಲ. ವರದಿಯಲ್ಲಿ ನೋಡಬೇಕಾದದ್ದು ಮೂರು. ಆಮ್ಲ ಮೌಲ್ಯ ಹೆಚ್ಚಿದ್ದರೆ ಎಣ್ಣೆ ನೀರು, ಬಿಸಿಗಳಿಗೆ ಆಗಲೇ ಒಡೆದಿದೆ. ಪೆರಾಕ್ಸೈಡ್ ಮೌಲ್ಯ ಹೆಚ್ಚಿದ್ದರೆ ಗಾಳಿ ಆಗಲೇ ಕೈಹಾಕಿದೆ. ಇದು 10ನ್ನು ಮೀರಿದ ರಿಫೈನ್ಡ್ ಎಣ್ಣೆ ನಮಗೆ ಬೇಡ. ಅಯೋಡಿನ್ ಮೌಲ್ಯ ಎಣ್ಣೆಯ ಜಾತಿಯನ್ನು ಹೇಳುತ್ತದೆ. ಸೂರ್ಯಕಾಂತಿಯದು 120ರಿಂದ 140ರ ಆಸುಪಾಸು, ಪಾಮೋಲಿನ್‌ದು 60ರ ಆಸುಪಾಸು. ಸೂರ್ಯಕಾಂತಿಯ ದುಡ್ಡು ಇಸ್ಕೊಂಡು ಪಾಮೋಲಿನ್ ಬೆರೆಸಿದರೆ ಈ ಅಂಕಿ ಜಾರುತ್ತದೆ. ಮನೆಯಲ್ಲಿ ಫ್ರಿಜ್ಜಿನೊಳಗೆ ಒಂದು ಲೋಟ ಇಟ್ಟು ರಾತ್ರಿ ಕಳೆದು ನೋಡಿದರೆ ಬೆಳ್ಳಗಾದದ್ದರ ಮೇಲೆ ಅನುಮಾನ ಪಡಬಹುದು. ಆದರೆ ಅಷ್ಟಕ್ಕೇ ತೀರ್ಪು ಕೊಡಬೇಡಿ, ಮೇಣದ ಅಂಶ ಸರಿಯಾಗಿ ತೆಗೆಯದ ಅಸಲಿ ಸೂರ್ಯಕಾಂತಿಯೂ ಮಸುಕಾಗುತ್ತದೆ. ಗಟ್ಟಿ ತೀರ್ಪು ಬೇಕೆಂದರೆ ದೂರ ಹೋಗಬೇಕಿಲ್ಲ. ಮೈಸೂರಿನ ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರಿಂದ ಇರುವ ಕೇಂದ್ರೀಯ ಆಹಾರ ಸಂಶೋಧನಾಲಯ, ನಾವು ಸಿಎಫ್‌ಟಿಆರ್‌ಐ ಎನ್ನುವುದು, ಚಾಮರಾಜನಗರದಿಂದ ಒಂದು ರೈಲು ಪ್ರಯಾಣದಷ್ಟು ದೂರ.

ಬೆಲೆಯ ವಿಷಯಕ್ಕೆ ಬಂದರೆ, ಚಕ್ಕುಲಿ ಒಲೆಯ ಎದುರು ಕೂತವರು ಕ್ವಾಲಾಲಂಪುರದ ಪೇಟೆಗೂ ಕಪ್ಪು ಸಮುದ್ರದ ಬಂದರಿಗೂ ಕಿವಿಗೊಡಬೇಕಾದ ಕಾಲ ಇದು. ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು, ವರ್ಷಕ್ಕೆ ಸುಮಾರು 160 ಲಕ್ಷ ಟನ್. ಇಂಡೋನೇಷ್ಯಾ, ಮಲೇಷ್ಯಾಗಳ ತಾಳೆ ಎಣ್ಣೆ ನವ ಮಂಗಳೂರು ಬಂದರಿನಲ್ಲೂ ಇಳಿಯುತ್ತದೆ, ಬೈಕಂಪಾಡಿಯ ರಿಫೈನರಿಗಳಲ್ಲಿ ತಿಳಿಯಾಗಿ, ಟಿನ್ನು ಸೇರಿ ಘಟ್ಟ ಹತ್ತುತ್ತದೆ. 2022ರ ಫೆಬ್ರವರಿ 24ರಂದು ರಷ್ಯಾ ಯುಕ್ರೇನಿನ ಮೇಲೆ ದಾಳಿಯಿಟ್ಟಾಗ ನಮಗೆ ಬರುವ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಆ ಎರಡು ದೇಶಗಳದ್ದೇ ಆಗಿತ್ತು. ಅದು ಸಾಲದೆಂಬಂತೆ ಏಪ್ರಿಲ್ 28ಕ್ಕೆ ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತು ನಿಲ್ಲಿಸಿತು, ಮೇ 23ಕ್ಕೆ ಮತ್ತೆ ತೆರೆಯಿತು. ಆ ವರ್ಷ ಬೋಂಡಾ ಗಾಡಿಯವರೂ ದರ ಏರಿಸಿದ್ದು ನೆನಪಿರಬಹುದು. 2024ರ ಸೆಪ್ಟೆಂಬರ್ 14ರಂದು ಕೇಂದ್ರ ಸರ್ಕಾರ ಕಚ್ಚಾ ಖಾದ್ಯ ಎಣ್ಣೆಯ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ನೂರಕ್ಕೆ 20ಕ್ಕೆ ಏರಿಸಿತು, ಅದೂ ದಸರೆಯ ಮುಂದೆ. 2025ರ ಮೇ 30ರಂದು ಅದನ್ನು 10ಕ್ಕೆ ಇಳಿಸಿತು.

ಇಂಥ ಏರಿಳಿತದಲ್ಲಿ ಸಣ್ಣವರು ಜೂಜಾಡಬಾರದು. ಬೆಲೆ ಏರುತ್ತದೆಂದು ಸಾಲ ಮಾಡಿ ನೂರು ಟಿನ್ನು ಪೇರಿಸಿಟ್ಟವರ ಮೇಲೆ ಸುಂಕ ಇಳಿದ ಸುದ್ದಿ ಬಂಡೆಯಂತೆ ಬೀಳುತ್ತದೆ. ಹದಿನೈದು ಇಪ್ಪತ್ತು ದಿನದ ದಾಸ್ತಾನು ಸಾಕು. ಇದಕ್ಕಿಂತ ಒಳ್ಳೆಯ ಉಪಾಯವೆಂದರೆ ಎರಡು ಎಣ್ಣೆಯಲ್ಲಿ ಹದ ಕಲಿತಿರುವುದು. ಪಾಮೋಲಿನ್‌ನಲ್ಲಿ ಮಾಡುವವರು ತೌಡೆಣ್ಣೆಯಲ್ಲೂ ಒಂದು ಬ್ಯಾಚ್ ಮಾಡಿ, ತಿಂಗಳಿಟ್ಟು ತಿಂದು ನೋಡಿರಬೇಕು. ಆದರೆ ಇಲ್ಲೊಂದು ತೊಡಕಿದೆ. ಕವರಿನ ಮೇಲೆ "ಖಾದ್ಯ ಎಣ್ಣೆ" ಎಂದಷ್ಟೇ ಬರೆದರೆ ಸಾಲದು, ಯಾವ ಎಣ್ಣೆ ಎಂದು ಹೆಸರಿಸಬೇಕು ಎನ್ನುತ್ತದೆ ಕಾನೂನು. ಹತ್ತು ಸಾವಿರ ಕವರು ಅಚ್ಚು ಹಾಕಿಸಿದ ಮೇಲೆ ಎಣ್ಣೆ ಬದಲಾದರೆ ಕವರು ರದ್ದಿಗೆ. ಅದಕ್ಕೇ ಪದಾರ್ಥಗಳ ಪಟ್ಟಿಯನ್ನು ಕವರಿನಲ್ಲಿ ಅಚ್ಚು ಹಾಕಿಸದೆ ಚೀಟಿಯಾಗಿ ಅಂಟಿಸುವುದು ಸಣ್ಣ ಘಟಕಕ್ಕೆ ಲೇಸು. ಪಾಮೋಲಿನ್ ಬಳಸಿ ಪಾಮೋಲಿನ್ ಎಂದು ಬರೆಯುವುದರಲ್ಲಿ ನಾಚಿಕೆಯೇನಿಲ್ಲ. ಪಾಮೋಲಿನ್ ಬಳಸಿ ಸೂರ್ಯಕಾಂತಿಯ ಚಿತ್ರ ಹಾಕುವುದು ನಾಚಿಕೆ.

ತಂದ ಎಣ್ಣೆಯನ್ನು ಬಾಣಲೆಯಲ್ಲಿ ಹೇಗೆ ನಡೆಸಿಕೊಳ್ಳುತ್ತೀರಿ ಎನ್ನುವುದರಲ್ಲಿ ಇನ್ನರ್ಧ ಲೆಕ್ಕವಿದೆ. ಉಡಿಗಾಲದವರು ಮುಂದೆ ಬೆಳೆಯುತ್ತೇವೆಂದು ಅಗಲವಾದ ದೊಡ್ಡ ಬಾಣಲೆ ತಂದಿದ್ದರು. ಮೂವತ್ತು ಕಿಲೋ ಎಣ್ಣೆ ಹಿಡಿಯುತ್ತದೆ. ದಿನಕ್ಕೆ ಮಾಡುವ ಚಕ್ಕುಲಿ ಇಪ್ಪತ್ತು ಕಿಲೋ, ಅದು ಹೀರುವ ಎಣ್ಣೆ ಆರು ಕಿಲೋ ಎಂದಿಟ್ಟುಕೊಳ್ಳಿ. ಬಾಣಲೆಯ ಎಣ್ಣೆ ಪೂರ್ತಿ ಹೊಸದಾಗಲು ಐದು ದಿನ ಬೇಕು. ಅಷ್ಟರಲ್ಲಿ ಅದು ಕಪ್ಪಾಗಿ, ಮಂದವಾಗಿ, ನೊರೆಯಾಡುತ್ತದೆ. ಅದೇ ಕೆಲಸಕ್ಕೆ ಎಂಟು ಕಿಲೋ ಹಿಡಿಯುವ ಬಾಣಲೆಯಾದರೆ ಹೆಚ್ಚುಕಡಿಮೆ ದಿನವೂ ಹೊಸ ಎಣ್ಣೆ, ಚೆಲ್ಲುವ ಗೊಡವೆಯೇ ಇಲ್ಲ. ದೊಡ್ಡ ಕಾರ್ಖಾನೆಯ ಇಂಜಿನಿಯರು ಗುಣಾಕಾರ ಮಾಡುವುದೂ ಇದನ್ನೇ. ಪ್ರತಿ ಸಂಜೆ ಎಣ್ಣೆ ಸೋಸಿ, ತಳದ ಕರಕಲು ತೆಗೆದು, ಮುಚ್ಚಿಡಬೇಕು. ಎಣ್ಣೆಯಲ್ಲಿ ಅದ್ದುವ ಝಾರಿ ಹಿತ್ತಾಳೆಯದಾಗಿರಬಾರದು, ತಾಮ್ರದ ಅಂಶ ಎಣ್ಣೆಯನ್ನು ಬೇಗ ಕೆಡಿಸುತ್ತದೆ. ಹಿತ್ತಾಳೆ ಚಕ್ಕುಲಿ ಒರಳಿಗೆ ಚಿಂತೆಯಿಲ್ಲ, ಅದು ಎಣ್ಣೆಗಿಳಿಯುವುದಿಲ್ಲ.

ಬಳಸಿದ ಎಣ್ಣೆಗೂ ಒಂದು ಗಡಿ ಇದೆ. ಒಡೆದ ಅಂಶಗಳೆಲ್ಲ ಸೇರಿ ನೂರಕ್ಕೆ 25 ದಾಟಿದ ಎಣ್ಣೆಯಲ್ಲಿ ಕರಿಯುವಂತಿಲ್ಲ ಎಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು ಲೆಕ್ಕದ ಪುಸ್ತಕ ಇಡಬೇಕು, ಹಳೆಯ ಎಣ್ಣೆಯನ್ನು ಬಯೋಡೀಸೆಲ್‌ಗೆ ಸಂಗ್ರಹಿಸುವ ಅಧಿಕೃತರಿಗೇ ಕೊಡಬೇಕು. ಉಡಿಗಾಲದವರು ಆ ಮಿತಿಗೆ ಬರುವುದಿಲ್ಲ. ಆದರೂ ಕೇಳಿದೆ, ಹಳೆಯ ಎಣ್ಣೆ ಏನು ಮಾಡುತ್ತೀರಿ ಎಂದು. "ಒಬ್ರು ಬಂದು ಕಿಲೋ ಲೆಕ್ಕದಲ್ಲಿ ಒಯ್ತಾರ ಸಾ" ಎಂದರು. ಎಲ್ಲಿಗೆ ಒಯ್ಯುತ್ತಾರೆ ಎಂದರೆ ಯಾರಿಗೂ ಗೊತ್ತಿಲ್ಲ. ಸಂಜೆ ಮಕ್ಕಳಿಗೆ ನಾವು ಕೊಡಿಸುವ ಗಾಡಿಯ ಬಜ್ಜಿಗೇ ಅದು ಬಂದು ಸೇರಿದರೆ?

ಹೂವಿನ ಮಾತಿಗೆ ಮತ್ತೆ ಬರುತ್ತೇನೆ. ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1 ಅನ್ನು 1980ರಲ್ಲಿ ಹೊರತಂದದ್ದು ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ. 1997ರಲ್ಲಿ ಬಾಗೇಪಲ್ಲಿ ಕಡೆ ಮೊದಲು ಕಾಣಿಸಿಕೊಂಡ ನೆಕ್ರೋಸಿಸ್ ರೋಗ, ಆಮೇಲೆ ಅಗ್ಗದ ಆಮದು ಎಣ್ಣೆ, ಇವೆರಡರ ನಡುವೆ ರಾಜ್ಯದ ಸೂರ್ಯಕಾಂತಿ ಸೊರಗಿತು. 2025-26ಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 7,721 ರೂಪಾಯಿ. ಕಾಗದದ ಮೇಲಿನ ಈ ಬೆಲೆ ರೈತನ ಕೈಗೆ ಸಿಗುವುದು ಖರೀದಿ ಕೇಂದ್ರ ಕೊಯ್ಲಿನ ಹೊತ್ತಿಗೆ ತೆರೆದರೆ ಮಾತ್ರ. ಚಾಮರಾಜನಗರದ ಕೊಯ್ಲು ರಾಜ್ಯದ ಉಳಿದ ಕಡೆಗಿಂತ ಮುಂಚೆ ಬರುತ್ತದೆ ಎನ್ನುವುದನ್ನು ಬೆಂಗಳೂರಿನಲ್ಲಿ ಕೂತವರು ಗಮನಿಸಬೇಕು. ಹೂವು ಕಪ್ಪಾಗಿ ತಲೆ ತಗ್ಗಿಸಿದ ಮೇಲೆ ಕೇಂದ್ರ ತೆರೆಯಿರಿ ಎಂದು ಕೇಳುವ ಪಾಡು ರೈತರಿಗೆ ಬರಬಾರದು.

ಹೋದ ತಿಂಗಳು ಉಡಿಗಾಲದ ಕಡೆ ಹೋದಾಗ ಶೆಡ್ಡಿನಲ್ಲಿ ಬಾಣಲೆ ಚಿಕ್ಕದಾಗಿತ್ತು. ಟಿನ್ನುಗಳು ನೆರಳಿಗೆ ಬಂದಿದ್ದವು, ಎಲ್ಲವೂ 15 ಕಿಲೋದವು. ದೊಡ್ಡ ಬಾಣಲೆಯನ್ನು ಮದುವೆ ಮನೆಗಳಿಗೆ ಬಾಡಿಗೆಗೆ ಕೊಡುತ್ತಿದ್ದಾರಂತೆ, ದಿನಕ್ಕೆ ಇನ್ನೂರು ರೂಪಾಯಿ.